ಎರಡೂರಿಗೆ ಒಂದೇ ಫೋನು

ಹೆಮ್ಮಿಗೆಯಿಂದ ಬೆಳಗಿನ ಬಸ್ಸು ಹೊರಟಾಗ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ದೊಡ್ಡವ್ವ ಕಿಟಕಿ ಪಕ್ಕ ಕೂತು, ತಲೆ ಮೇಲೆ ಸೆರಗು ಹೊದ್ದು ಎರಡೂ ಕಿವಿ ಮುಚ್ಚಿಕೊಂಡಳು. ಅದು ಚಳಿಗಲ್ಲ. ಹೊಸದಾಗಿ ಹಾಕಿಸಿಕೊಂಡಿದ್ದ ಕಿವಿ ಮಿಷಿನ್ನಿನೊಳಕ್ಕೆ ಗಾಳಿ ನುಗ್ಗಿದರೆ ಗಿರಣಿಯೊಳಗೆ ಕೂತಂತೆ ಆಗುತ್ತದಂತೆ.

"ಎಲ್ಲಿಗಜ್ಜಿ?" ಎಂದ ಕಂಡಕ್ಟರ್.

"ಫೋನ್ ತರಕ್ಕೆ."

"ಫೋನ್‌ಗೆ ಟಿಕೆಟ್ ಅರಿಯಕ್ಕಾಗಲ್ಲ ಕಣಜ್ಜಿ, ಊರೇಳು."

ಹೆಂಗಸರಿಗೆ ಬಸ್ಸು ಉಚಿತ, ಟಿಕೆಟ್ಟಿನಲ್ಲಿ ಬರೀ ಸೊನ್ನೆ. ಆದರೂ ದೊಡ್ಡವ್ವ ಅದನ್ನು ಮಡಚಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡಳು.

ದೊಡ್ಡವ್ವ ನನ್ನ ಅಮ್ಮನ ಅಕ್ಕ. ಅಮ್ಮನ ತಂಗಿ, ಚಿಕ್ಕವ್ವ, ಸೋಮನಾಥಪುರಕ್ಕೆ ಮದುವೆಯಾಗಿ ಹೋದವಳು. ಇವರಿಬ್ಬರೂ ಸೋಬಾನೆ ಹಾಡುವ ಜೋಡಿ. ದೊಡ್ಡವ್ವ ಎತ್ತಿ ಹಾಡುತ್ತಾಳೆ, ಚಿಕ್ಕವ್ವ ಸೊಲ್ಲು ಹಿಡಿಯುತ್ತಾಳೆ. ಇಬ್ಬರಿಗೂ ಇಡೀ ಪದ ಬಾರದು. ಅಕ್ಕನ ಬಾಯಲ್ಲಿ ಅರ್ಧ, ತಂಗಿಯ ಬಾಯಲ್ಲಿ ಅರ್ಧ. ಬರುವ ವಾರ ಚಿಕ್ಕವ್ವನ ಮೊಮ್ಮಗಳ ಮದುವೆ. ಚಿಕ್ಕವ್ವ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಂಚದ ಮೇಲಿದ್ದಳು, ದೊಡ್ಡವ್ವನಿಗೆ ಮನೆ ಬಿಟ್ಟು ಅಲ್ಲಿ ಹೋಗಿ ಕೂರಲಾಗದು. ಹಾಗಾಗಿ ಅಭ್ಯಾಸವೆಲ್ಲ ಫೋನಿನಲ್ಲೇ. ಆದರೆ ಮನೆಯಲ್ಲಿದ್ದ ಫೋನನ್ನು ಕಿವಿಗೆ ಹಿಡಿದರೆ ಮಿಷಿನ್ನು ಕುಯ್ಯೋ ಎನ್ನುತ್ತಿತ್ತು, ತೆಗೆದರೆ ಏನೂ ಕೇಳುತ್ತಿರಲಿಲ್ಲ. ಚಿಕ್ಕವ್ವನ ಮಗ ಆಗಲೇ ಆರ್ಕೆಸ್ಟ್ರಾದವರನ್ನು ವಿಚಾರಿಸುತ್ತಿದ್ದ. "ಆ ಡಬ್ಬ ಬಡಿಯೋರ ಮುಂದೆ ನಾನು ಬಾಯ್ಮುಚ್ಕೊಂಡು ಕೂರ್ಬೇಕಾ?" ಎಂದು ದೊಡ್ಡವ್ವ ಎರಡು ದಿನ ಸರಿಯಾಗಿ ಉಂಡಿರಲಿಲ್ಲ.

ಮಿಷಿನ್ನು ಕೊಟ್ಟ ಮೈಸೂರಿನ ಡಾಕ್ಟರು, ಇದು ಎಲ್ಲ ಫೋನಿನ ಜೊತೆಗೂ ಕೂಡುವುದಿಲ್ಲ, ಕೂಡುವ ಫೋನಾದರೆ ಆಚೆಯವರ ಮಾತು ನೇರ ಕಿವಿಗೇ ಬರುತ್ತದೆ ಎಂದಿದ್ದರು. ನಮ್ಮ ಕೈಗೆಟುಕುವ ಬೆಲೆಯಲ್ಲಿ ಇದ್ದದ್ದು ಒಂದೇ ಮಾದರಿ, ಸಣ್ಣದು, ಸ್ವಲ್ಪ ಹಳೆಯದು. ಮೈಸೂರಿನ ದೊಡ್ಡ ಅಂಗಡಿಗಳಲ್ಲಿ ಅದು ಮುಗಿದುಹೋಗಿತ್ತು. ಒಂದು ಸಿಮ್ ಕಂಪನಿಯ ಮಳಿಗೆಯಲ್ಲಿತ್ತು. ಅವರು ತಮ್ಮ ಸಿಮ್ಮಿನ ಜೊತೆಗೇ ಕೊಡುತ್ತಿದ್ದರು, ಬೇರೆ ಸಿಮ್ಮು ಅದಕ್ಕೆ ಹಿಡಿಯದು. ಅವರ ಟವರು ಹೆಮ್ಮಿಗೆಯಲ್ಲಿ ಮನೆಯ ಮಾಳಿಗೆ ಹತ್ತಿದರೆ ಮಾತ್ರ ಸಿಗುತ್ತದೆ. ಆನ್‌ಲೈನಿನಲ್ಲಿ ನಮ್ಮ ಪಿನ್‌ಕೋಡು ಹಾಕಿದರೆ ಬೂದುಬಣ್ಣದ ಅಕ್ಷರದಲ್ಲಿ ಕ್ಷಮೆ ಕೇಳುತ್ತಿತ್ತು. ಸಿಕ್ಕಿದ್ದರೂ ದೊಡ್ಡವ್ವ ಒಪ್ಪುತ್ತಿರಲಿಲ್ಲ. ಮಡಕೆಯನ್ನು ತಟ್ಟಿ ಕೊಳ್ಳುವವಳು ಅವಳು. "ಕಿವೀಲಿ ಕೇಳ್ದೆ ಫೋನ್ ಎಂಗವ್ವ ತಕ್ಕಳದು?"

ಹಿಂದಿನ ದಿನ ನಾನು ತಿ. ನರಸೀಪುರದ ಒಂದು ಅಂಗಡಿಗೂ ನಂಜನಗೂಡಿನ ಒಂದು ಅಂಗಡಿಗೂ ಫೋನ್ ಮಾಡಿದ್ದೆ. ಎರಡೂ ಕಡೆ ಒಂದೇ ಉತ್ತರ: "ಇದೆ, ಬನ್ನಿ."

ನರಸೀಪುರದಲ್ಲಿ ಇಳಿದಾಗ ಬಿಸಿಲು ಬಂದಿತ್ತು. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಚಟ್ನಿ ಬಹಳ ಖಾರವಿತ್ತೆಂದು ದಿನಚರಿಯಲ್ಲಿ ಬರೆದಿದ್ದೇನೆ. ನೆನಪಿನಲ್ಲಿ ಮಾತ್ರ ಅದು ಸಪ್ಪೆ. ಯಾವುದನ್ನು ನಂಬಬೇಕೋ ತಿಳಿಯದು, ಎರಡನ್ನೂ ಇಲ್ಲಿ ಬಿಟ್ಟಿದ್ದೇನೆ.

ಅಂಗಡಿಯ ಮಾಲೀಕ ಬಸವಣ್ಣ, ಹಣೆಗೆ ವಿಭೂತಿ, ಕೊರಳಿಗೆ ಅಳತೆ ಪಟ್ಟಿ. ಅರ್ಧ ಅಂಗಡಿ ಫೋನು, ಅರ್ಧ ಅಂಗಡಿ ಟೈಲರಿಂಗು. ಅವರು ತಂದಿಟ್ಟ ಡಬ್ಬಿಯಲ್ಲಿ ನಾವು ಕೇಳಿದ್ದು ಇರಲಿಲ್ಲ.

"ಅದೇ ಕಂಪನಿ ಮೇಡಂ. ಅದ್ಕಿಂತ ದೊಡ್ದು. ಕ್ಯಾಮೆರಾ ನೋಡಿ ಎಂಗದೆ."

ಮಿಷಿನ್ನಿಗೆ ಕೂಡಿಸಲು ನೋಡಿದೆವು. ಕೂಡಲಿಲ್ಲ.

"ನಿನ್ನೆ ಅದೆ ಅಂದ್ರಲ್ಲ?" ಎಂದೆ.

"ಅದೆ ಮೇಡಂ. ಗೋಡೌನ್‌ನಲ್ಲದೆ. ಟೀ ಕುಡೀರಿ, ತರ್ಸ್ತೀನಿ."

ಗೋಡೌನ್ ಎಲ್ಲಿದೆ ಎಂದು ಕೇಳಿದಾಗ ಅವರು ಕೈಯನ್ನು ಇಡೀ ಪಶ್ಚಿಮ ದಿಕ್ಕಿಗೆ ಬೀಸಿದರು. ಅಂಥ ಗೋಡೌನನ್ನು ನಾನು ನಂಬಲಿಲ್ಲ. ಆದರೆ ಆ ಮುಖ ನೋಡಿಕೊಂಡು ಬೇಡ ಎನ್ನಲು ಬಾಯಿ ಬರಲಿಲ್ಲ. "ಸರಿ, ತರಿಸಿಡಿ. ಸ್ವಲ್ಪ ಕೆಲಸ ಇದೆ, ಮುಗಿಸಿಕೊಂಡು ಬರ್ತೀವಿ" ಎಂದು ಹೇಳಿ ನೇರ ನಂಜನಗೂಡಿನ ಬಸ್ಸು ಹತ್ತಿದೆ. ಇದನ್ನು ಸೌಜನ್ಯ ಎಂದುಕೊಂಡಿದ್ದೆ.

ಸುತ್ತೂರಿನ ಮೇಲೆ ಹೋಗುವ ದಾರಿ ಅದು. ಮೂವತ್ತು ಕಿಲೋಮೀಟರು ಮುಟ್ಟುವುದಿಲ್ಲ, ಆದರೂ ಬಸ್ಸು ಗಂಟೆಯ ಮೇಲೆ ತೆಗೆದುಕೊಂಡಿತು. ಕೊಯ್ದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಬೇಕಾಯಿತು. ದೊಡ್ಡವ್ವ ಕಿಟಕಿಯ ಕಡೆ ಮುಖ ಮಾಡಿ ತುಟಿಯಲ್ಲೇ ಪದ ಗುನುಗಿದಳು. ಅರ್ಧಕ್ಕೆ ನಿಲ್ಲಿಸುತ್ತಿದ್ದಳು, ಚಿಕ್ಕವ್ವನ ಸೊಲ್ಲಿಗೆ ಬೇಕಾದಷ್ಟು ಹೊತ್ತು ಬಿಡುತ್ತಿದ್ದಳು, ಮತ್ತೆ ಮುಂದಿನ ಅರ್ಧ ಎತ್ತುತ್ತಿದ್ದಳು.

ನಂಜನಗೂಡಿನ ಅಂಗಡಿ ದೊಡ್ಡದು, ಗಾಜಿನ ಬಾಗಿಲಿನದು. ತಾಂಡ್ಯದ ಫ್ಯಾಕ್ಟರಿಗಳಲ್ಲಿ ಪಾಳಿ ಮುಗಿಸಿದವರು ಸಮವಸ್ತ್ರದಲ್ಲೇ ಬಂದು ಕಂತಿನ ಫೋನು ನೋಡುತ್ತಿದ್ದರು. ಕೌಂಟರಿನಲ್ಲಿದ್ದ ಹೆಂಗಸು, ಮಾಲೀಕರ ಹೆಂಡತಿ ಇರಬೇಕು, ನಾನು ಮಾದರಿಯ ಹೆಸರು ಹೇಳುತ್ತಲೇ ಹಣೆ ಚಚ್ಚಿಕೊಂಡರು.

"ಅಯ್ಯೋ, ಒಂದು ಗಂಟೆ ಮುಂಚೆ ಬರಬಾರದಿತ್ತಾ! ಇದ್ದುದ್ದು ಒಂದೇ ಪೀಸು. ಆಗ್ಲೇ ಬಸ್ಸಲ್ಲಿ ಕಳಿಸ್ಬುಟ್ಟೆ. ನರಸೀಪುರದ ಬಸವಣ್ಣೋರು ಫೋನ್ ಮಾಡಿದ್ರು. ಅವರಂಗ್ಡೀಲಿ ಯಾರೋ ಕಿವಿ ಕೇಳ್ದಿರೋ ಅಜ್ಜಿ ಕಾಯ್ತಾವ್ರಂತೆ."

ನಾನು ದೊಡ್ಡವ್ವನ ಮುಖ ನೋಡಿದೆ. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಆ ಅಜ್ಜಿ ನಾನೇ ಕಣವ್ವ" ಎಂದಳು.

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಹೆಂಗಸು ನಗುತ್ತಲೇ ಸ್ಟೂಲು ಎಳೆದು ಕೊಟ್ಟರು. "ಇಲ್ಲಿ ಯಾರೂ ಸಣ್ ಫೋನ್ ಕೇಳಲ್ಲ ಮೇಡಂ, ಎಲ್ರಿಗೂ ಅಗಲ ಸ್ಕ್ರೀನೇ ಬೇಕು. ಮೇಲಿನವ್ರು ಯಾವ್ದು ಓಡುತ್ತೋ ಅದನ್ನೇ ಕಳಿಸ್ತಾರೆ. ಇದೊಂದು ಎಂಗೋ ಬಂದು ಮೂಲೇಲಿ ಕೂತಿತ್ತು. ಗಿರಾಕಿ ಕೇಳ್ದಾಗ ಇಲ್ಲ ಅಂದ್ರೆ ಮೈಸೂರಿಗೆ ಓಗ್ಬುಡ್ತಾರೆ. ಅದ್ಕೆ ನಾವು ಇದೆ ಅಂತೀವಿ, ಆಮೇಲೆ ಒಬ್ಬರಿಂದೊಬ್ಬರು ತರಿಸ್ಕೋತೀವಿ. ನಮ್ಮ ಗೋಡೌನ್ ಅಂದ್ರೆ ಬಸವಣ್ಣೋರ ಅಂಗ್ಡಿ, ಅವರ ಗೋಡೌನ್ ಅಂದ್ರೆ ಇದು."

"ಮತ್ತೆ ನೀನ್ಯಾಕವ್ವ ಅವನಿಗೆ ಬತ್ತೀವಿ ಅಂದೆ?" ದೊಡ್ಡವ್ವ ನನ್ನನ್ನು ಕೇಳಿದಳು.

"ಬರಲ್ಲ ಅನ್ನಕ್ಕೆ ಸಂಕೋಚ ಆಯ್ತು ದೊಡ್ಡವ್ವ."

"ಓದಿರೋಳು ನೀನು. ಅಂಗಡಿಯವ್ನಂಗೇ ಆಡ್ತೀಯಲ್ಲ."

ನರಸೀಪುರದ ಅಂಗಡಿ ಮಧ್ಯಾಹ್ನಕ್ಕೆ ಮುಚ್ಚುವುದರೊಳಗೆ ತಲುಪಬೇಕಿತ್ತು. ಊಟಕ್ಕೆ ಕೂರದೆ, ಒಂದು ಚಿಪ್ಪು ರಸಬಾಳೆ ಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದೆವು. ಬಸ್ಸಿನಲ್ಲಿ ಹಣ್ಣು ಸುಲಿಯುತ್ತ ನಾನು ಯೋಚಿಸಿದೆ: ಹೋಗುವಾಗ ಸುತ್ತೂರಿನ ಹತ್ತಿರ ನಮ್ಮೆದುರು ಒಂದು ಬಸ್ಸು ಹಾದುಹೋಗಿತ್ತು. ಅದರ ಡ್ರೈವರನ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲವೊಂದು ಇದ್ದದ್ದು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಅಷ್ಟು ವೇಗದಲ್ಲಿ ಅದನ್ನು ನೋಡಿರಲು ಸಾಧ್ಯವೇ ಇಲ್ಲ. ಆಮೇಲೆ ತಿಳಿದದ್ದನ್ನು ನಾನೇ ಅಲ್ಲಿ ಇಟ್ಟಿರಬೇಕು.

ಬಸವಣ್ಣ ಬಾಗಿಲಲ್ಲೇ ನಿಂತಿದ್ದರು. "ಎಲ್ಲೋಗಿದ್ರಿ ಮೇಡಂ? ಊಟಕ್ಕೂ ಓಗ್ದೆ ಕಾಯ್ತಾ ಇವ್ನಿ."

ನಾನು ಏನಾದರೊಂದು ಹೇಳುವ ಮೊದಲೇ ದೊಡ್ಡವ್ವ, "ನಂಜನಗೂಡ್ಗೆ ಓಗಿದ್ದೋ ಕಣಪ್ಪ. ನಿನ್ನ ನಂಬ್ನಿಲ್ಲ" ಎಂದಳು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಲ್ಲಿಂದ್ಲೇ ತರ್ಸಿದ್ದು ಕಣಜ್ಜಿ! ಬಾಯ್ಬುಟ್ಟಿದ್ರೆ ನಿಮ್ಮನ್ನ ಅಲ್ಲೇ ಕೂರ್ಸಿ ಕೊಡಸ್ತಿದ್ದೆ."

ಫೋನು ಅಂಗೈಯಷ್ಟಿತ್ತು. ಮಿಷಿನ್ನಿಗೆ ಮೊದಲ ಸಲಕ್ಕೆ ಕೂಡಲಿಲ್ಲ, ಎರಡನೆಯ ಸಲಕ್ಕೂ ಇಲ್ಲ. ದೊಡ್ಡವ್ವ ನನ್ನ ಕೈಯನ್ನೇ ನೋಡುತ್ತಿದ್ದಳು. ಬಸವಣ್ಣ ಫೋನನ್ನು ಆರಿಸಿ ಮತ್ತೆ ಹಚ್ಚಿದರು. ಆಗ ಅವಳು ತಟ್ಟನೆ ಕಿವಿ ಮುಟ್ಟಿಕೊಂಡು, "ಗಂಟೆ ಹೊಡೀತು" ಎಂದಳು. ಜೊತೆಗೆ ತಂದಿದ್ದ ಮನೆಯ ಸಿಮ್ಮು ಹಾಕಿ ಚಿಕ್ಕವ್ವನಿಗೆ ಕರೆ ಮಾಡಿದೆವು. ನಮಗೂ ಕೇಳಲೆಂದು ನಾನು ನನ್ನ ಫೋನನ್ನೂ ಅದೇ ಕರೆಗೆ ಸೇರಿಸಿ ಧ್ವನಿ ಹೆಚ್ಚಿಸಿದೆ.

"ಏಳಕ್ಕಯ್ಯ, ಕೇಳ್ತದಾ?"

ದೊಡ್ಡವ್ವ ಕಣ್ಣು ಮುಚ್ಚಿ ಎತ್ತರದ ಶ್ರುತಿಯಲ್ಲಿ ಪದ ಎತ್ತಿದಳು, ಯಾವಾಗಲೂ ಎತ್ತುವ ಕಡೆಯಿಂದಲೇ: "ಅರಿಶಿಣದ ಕೊಂಬೇ, ಅಂಗಳಕೆ ಇಳಿಯವ್ವಾ..."

ಚಿಕ್ಕವ್ವ ಸೊಲ್ಲು ಹಿಡಿದಳು. ಅರ್ಧ ದಾರಿಯಲ್ಲಿ ಅವಳ ಧ್ವನಿ ಒಡೆಯಿತು, ಮೇಲಿನ ಸ್ವರ ತಲುಪಲು ಎಳೆದಳು, ಉಸಿರು ಸಾಲದೆ ಕೆಮ್ಮಿದಳು. ದೊಡ್ಡವ್ವ ಕಣ್ಣು ತೆರೆದಳು.

"ಯಾಕ್ಲೇ, ನಿನ್ನ ದನಿ ಇಂಗಾಗದೆ?"

"ಯಾವತ್ನಿಂದ್ಲೋ ಇಂಗೇ ಅದೆ ಕಣಕ್ಕಯ್ಯ. ನೀನು ಕೇಳಿದ್ದು ಇವತ್ತು. ನಿಂದೇನು ಬೆಣ್ಣೆ ತಿಂದ ಗಂಟ್ಲಾ?"

ದೊಡ್ಡವ್ವನಿಗೆ ನಗು ಬರಲಿಲ್ಲ. ಕಿವಿ ಮಂದವಾದಲ್ಲಿಂದ ಅವಳು ತಂಗಿಯ ಹಳೆಯ ಧ್ವನಿಯನ್ನೇ ಒಳಗೆ ಕೇಳಿಸಿಕೊಂಡು ಹಾಡುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಕಿವಿ ಸರಿಯಿದ್ದ ನಾನೂ ಆ ಹಳೆಯ ಧ್ವನಿಯನ್ನೇ ಕೇಳುತ್ತಿದ್ದೆ. ಈ ಎಳೆತ ಎಂದು ಶುರುವಾಯಿತೆಂದು ಯಾರಾದರೂ ಕೇಳಿದರೆ ಹೇಳಲಾರೆ.

"ಇಷ್ಟ್ ಕಷ್ಟ ಪಡ್ತಿದ್ಯಲ್ಲ, ಒಂದ್ ಮಾತು ಏಳಬಾರ್ದಾಗಿತ್ತಾ ಪುಟ್ಟಿ?"

"ಏಳಿದ್ರೆ ನಿಂಗೆ ಕೇಳ್ತಿತ್ತಾ?"

ಈಗ ದೊಡ್ಡವ್ವ ನಕ್ಕಳು. ಸೆರಗಿನಿಂದ ಮೂಗು ಒರೆಸಿಕೊಂಡಳು. "ತಡಿ. ನಾನು ಇಳೀತೀನಿ. ನೀನು ಸುಮ್ಕೆ ಬಾ" ಎಂದು, ಅದೇ ಪದವನ್ನು ತೀರಾ ತಗ್ಗಿನಿಂದ, ತೊಟ್ಟಿಲು ತೂಗುವವರ ಹಾಗೆ ಎತ್ತಿದಳು. ಅಷ್ಟು ಕೆಳಗೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ, ಅಥವಾ ಕೇಳಿದ ನೆನಪಿಲ್ಲ. ಚಿಕ್ಕವ್ವ ಸೊಲ್ಲು ಹಿಡಿದಳು. ಕೆಮ್ಮಲಿಲ್ಲ. ಕೊನೆಯವರೆಗೂ ಬಂದಳು.

ಹೆಮ್ಮಿಗೆಯ ಬಸ್ಸು ಎದುರಿಗೆ ಬಂದು ನಿಂತು ಹಾರನ್ ಹೊಡೆಯಿತು. ದೊಡ್ಡವ್ವ ಎರಡನೆಯ ನುಡಿಗೆ ಹೋಗಿದ್ದಳು. ಬಸವಣ್ಣ ಬಾಗಿಲಿಗೆ ಹೋಗಿ ಕಂಡಕ್ಟರಿಗೆ ಕೈಬೀಸಿ, ಹೋಗು ಎಂದರು.