ಸೊಪ್ಪು ಅಂದರೆ ಯಾವ ಸೊಪ್ಪು

ಕಟ್ಟೆಮಳಲವಾಡಿಯ ಹೇಮಶ್ರೀಗೆ ಗೋಡೆ ಬರೆದ ಕೂಲಿ ಎರಡೂವರೆ ಸಾವಿರ ಇನ್ನೂ ಬರಬೇಕು. ಹನಗೋಡಿನ ಕಡೆಯ ಒಂದು ಸರ್ಕಾರಿ ಶಾಲೆಯ ಕಾಂಪೌಂಡಿನ ಮೇಲೆ ‘ತಂಬಾಕು ಮುಕ್ತ ಶಾಲೆ’ ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲೊಂದು ಸಿಗರೇಟು ಬಿಡಿಸಿ, ಅದರ ಮೇಲೆ ಕೆಂಪು ಗೀಟು ಹೊಡೆದವಳು ಅವಳೇ. ಒಂದು ಮಳೆಗಾಲಕ್ಕೆ ಸಿಗರೇಟು ಅಳಿಸಿ ಹೋಗಿ ಗೀಟು ಮಾತ್ರ ಉಳಿದಿದೆ. ಬಿಲ್ಲು ಪಾಸಾಗಿಲ್ಲ. ಕಾಂಪೌಂಡಿನ ಆಚೆಗೆ ತಂಬಾಕಿನ ಹೊಲ. ಈಚೆ ಕೂತು ಓದುವ ಮಕ್ಕಳ ಅಪ್ಪ ಅವ್ವ ಆಚೆ ಬಗ್ಗಿ ದುಡಿಯುತ್ತಾರೆ. ನಡುವೆ ಸರ್ಕಾರದ ಘೋಷಣೆ ಗಟ್ಟಿಯಾಗಿ ನಿಂತಿದೆ.

ಹೇಮಶ್ರೀ ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋಗಿ ಚಿತ್ರಕಲೆ ಓದುತ್ತಾಳೆ. ಕಾಲೇಜಿನಲ್ಲಿ ಯಾವುದೋ ದೇಶದ ಪ್ಲಾಸ್ಟರಿನ ತಲೆಯನ್ನು ಮೇಜಿನ ಮೇಲಿಟ್ಟು ಅದರ ಮೂಗು ಬರೆಸುತ್ತಾರೆ. ಮೂರು ವರ್ಷಕ್ಕೆ ಆ ಮೂಗು ಅವಳಿಗೆ ಕಣ್ಣು ಮುಚ್ಚಿಕೊಂಡರೂ ಬರುತ್ತದೆ. ಓದಿನ ಜೊತೆಗೇ ಶಾಲೆಯ ಚಿತ್ರ ಶಿಕ್ಷಕಿಯಾಗಲು ಬೇಕಾದ ಪ್ರಮಾಣಪತ್ರದ ತರಬೇತಿಯನ್ನೂ ಹಿಡಿದಿದ್ದಳು. ಅದರಲ್ಲಿ ಬಾಕಿ ಉಳಿದದ್ದು ಒಂದೇ: ಪರೀಕ್ಷಕರ ಎದುರು ನಿಜವಾದ ತರಗತಿಯಲ್ಲಿ ಒಂದು ಪಾಠ. ಪಾಸಾದರೆ ಮೇಡಂ. ಇಲ್ಲದಿದ್ದರೆ ಮತ್ತೆ ಗೋಡೆ.

ಅವಳ ತಾಯಿ ಪುಟ್ಟಮಲ್ಲಮ್ಮನಿಗೆ ಇದೆಲ್ಲ ತಮಾಷೆ.

“ಅಲ್ಲ ಕಣವ್ವ, ಚಿತ್ರ ಬರಿಯಾಕೂ ಪರೀಕ್ಷೆಯಾ?”

“ಬರಿಯಾಕಲ್ಲ ಕಣವ್ವ, ಬರ್ಸಾಕೆ.”

“ಬರ್ಸಾಕೇನು, ಬೆತ್ತ ಹಿಡ್ಕೊಂಡ್ರೆ ಎಲ್ಲಾ ಬರೀತವೆ ಬುಡು.”

ಹೀಗೆ ಹೇಳುತ್ತಲೇ ಪುಟ್ಟಮಲ್ಲಮ್ಮ ಬ್ಯಾರನ್ ಮುಂದೆ ಕೂತು ಎಲೆಗಳನ್ನು ಕಡ್ಡಿಯ ಎರಡೂ ಬದಿಗೆ ಜೋಡಿಸಿ ನೂಲು ಸುತ್ತುತ್ತಿದ್ದಳು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಎಲೆಯ ಅಂಟು ಹತ್ತಿ ಕೈ ಕರ್ರಗಾಗಿತ್ತು. ಮಗಳ ಕಾಲೇಜಿನ ಫೀಸು ಆ ಕರಿಯಿಂದಲೇ ಬಂದದ್ದು. ಹೇಮಶ್ರೀ ಆ ಕೈಯನ್ನೇ ನೋಡುತ್ತಾ ಕೂತಳು, ಪಾಠಕ್ಕೆ ವಿಷಯ ಸಿಕ್ಕಿತು. ಪಾಠಯೋಜನೆಯ ಮೇಲೆ ಬರೆದಳು: ‘ಸೊಪ್ಪು ಕಟ್ಟುವ ಕೈಗಳು.’

ಇಲ್ಲೇ ಎಡವಟ್ಟಾದದ್ದು. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಸೊಪ್ಪು ಅಂದರೆ ಹೊಗೆಸೊಪ್ಪು, ಮಾತು ಮುಗಿಯಿತು. ಸಾರಿಗೆ ಹಾಕುವುದಾದರೆ ಕೀರೆ, ದಂಟು, ಸಬ್ಬಸಿಗೆ ಎಂದು ಹೆಸರು ಹಿಡಿದು ಕರೆಯುತ್ತೇವೆ. ಯೋಜನೆ ನೋಡಿ ಒಪ್ಪಿಗೆ ಕೊಡಬೇಕಾದವರು ಕಾಲೇಜಿನ ವಿರೂಪಾಕ್ಷ ಸರ್. ಪರೀಕ್ಷಕರೂ ಅವರೇ. ಮೈಸೂರಿನಲ್ಲೇ ಹುಟ್ಟಿ ಬೆಳೆದು ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡವರು. ಅವರು ಹಸಿರು ಶಾಯಿಯಲ್ಲಿ ಬರೆದರು: ‘ಆಹಾರದ ಬಗ್ಗೆ ಅರಿವು ಮೂಡಿಸುವ ವಿಷಯ. ಉತ್ತಮ.’ ಕೆಳಗೆ ಸಹಿ.

ಹೇಮಶ್ರೀ ಅದನ್ನು ಓದಿ, ಪರವಾಗಿಲ್ಲ, ಸರ್‌ಗೆ ನಮ್ಮ ಕಷ್ಟ ಗೊತ್ತು ಅಂದುಕೊಂಡಳು. ಅವಳ ಲೆಕ್ಕದಲ್ಲಿ ತಪ್ಪೇನಿದೆ? ಮನೆಯ ಅನ್ನ ಬರುವುದು ಆ ಸೊಪ್ಪಿನಿಂದಲೇ.

ಪಾಠ ನಿಗದಿಯಾದದ್ದು ಅವಳು ಗೋಡೆ ಬರೆದಿದ್ದ ಆ ಶಾಲೆಯಲ್ಲೇ. ಸೊಪ್ಪಿನ ಸುಗ್ಗಿಯಲ್ಲಿ ತರಗತಿ ಅರ್ಧ ಖಾಲಿ ಇರುವುದು ವಾಡಿಕೆ. ಆವತ್ತು ಸೊಪ್ಪಿನ ಚಿತ್ರವಂತೆ ಎಂದು ಸುದ್ದಿ ಹಬ್ಬಿ, ಸೊಪ್ಪು ಕಟ್ಟಲು ಹೋಗಿದ್ದ ಮಕ್ಕಳೆಲ್ಲ ಬಂದು ಕೂತಿದ್ದವು. ಹಾಜರಿ ಕಂಡು ಹೆಡ್‌ಮಾಸ್ಟರ್ ಬೆಟ್ಟಸ್ವಾಮಿಗೇ ದಿಗಿಲಾಯಿತು.

ಹೇಮಶ್ರೀ ಹೆಚ್ಚು ಮಾತಾಡಲಿಲ್ಲ. “ನಿಮ್ಮವ್ವ ಕಡ್ಡಿ ಎಂಗಿಡ್ಕೋತಾರೆ, ಯೋಚ್ನೆ ಮಾಡಿ ಬರೀರಿ” ಅಂದಳಷ್ಟೆ. ಮಕ್ಕಳು ಬಗ್ಗಿದವು. ಒಬ್ಬಳು ಬೆರಳ ಸಂದಿಯ ಅಂಟಿಗೂ ಕರಿ ತುಂಬಿದಳು. ಇನ್ನೊಬ್ಬ ಬ್ಯಾರನ್ ಬರೆದು, ಚಿಮಣಿಯ ಹೊಗೆಗೆ ಹಾಳೆ ಸಾಲದೆ ಬೆಂಚಿನ ಮೇಲೂ ಎಳೆದ.

ವಿರೂಪಾಕ್ಷ ಸರ್ ಖುಷಿಯಾಗಿ ಬೆಂಚುಗಳ ನಡುವೆ ಓಡಾಡಿದರು. ಶರತ್ ಎಂಬ ಹುಡುಗನ ಹತ್ತಿರ ನಿಂತು ಕೇಳಿದರು, “ವೆರಿ ಗುಡ್. ಇದು ಯಾವ ಸೊಪ್ಪಪ್ಪಾ? ಪಾಲಕ್ಕಾ, ದಂಟಾ?”

ಶರತ್ ಅವರ ಮುಖವನ್ನು ಕನಿಕರದಿಂದ ನೋಡಿದ. “ಸೊಪ್ಪು ಸಾ.”

“ಅದೇ, ಯಾವ ಸೊಪ್ಪು?”

“ಸೊಪ್ಪೇಯ ಸಾ. ಸಿಗರೇಟಿಗಾಕದು.”

ತರಗತಿ ಗೊಳ್ಳೆಂದಿತು. ಸರ್ ಮುಖ ಕೆಂಪಗಾಯಿತು. ಹೇಮಶ್ರೀಯನ್ನು ಕರೆದು, “ಏನಮ್ಮಾ ಇದು? ಮಕ್ಕಳ ಕೈಲಿ ತಂಬಾಕು ಬರೆಸ್ತೀಯಾ? ಹೊರಗೆ ಗೋಡೆ ಮೇಲೆ ಏನು ಬರೆದಿದೆ, ಓದಿಲ್ವಾ?” ಎಂದು ಗದರಿದರು.

“ನಾನೇ ಬರ್ದಿದ್ದು ಸರ್.”

ಬೆಟ್ಟಸ್ವಾಮಿ ಜೋರಾಗಿ ಕೆಮ್ಮಿದರು. ಬಿಲ್ಲಿನ ಮಾತು ಎಲ್ಲಿ ಬರುತ್ತದೋ ಎಂಬ ಭಯ ಅವರಿಗೆ. ಅವರದೇ ಎರಡು ಬ್ಯಾರನ್ ಇವೆ. ಅಲ್ಲಿ ಬೇಯುತ್ತಿರುವ ಸೊಪ್ಪಿನ ಚಿಂತೆ ಬೇರೆ.

“ಯೋಜನೆಗೆ ನೀವೇ ಸಹಿ ಹಾಕಿದ್ರಿ ಸರ್” ಎಂದಳು ಹೇಮಶ್ರೀ.

“ನಾನು ಸಹಿ ಹಾಕಿದ್ದು ತಿನ್ನೋ ಸೊಪ್ಪಿಗೆ!”

“ಯಾರೂ ಸೇದೋದನ್ನ ಬರ್ದಿಲ್ಲ ಸರ್. ಅವರವ್ವಂದಿರ ಕೈ ಬರ್ದವ್ರೆ.”

“ಕೈ ಬರೀಲಿ, ಬೇಡ ಅಂದೋರ್ಯಾರು? ಆ ಕೈಗೆ ಹೂವು ಕೊಡು. ಮೊದಲು ಆ ಕಿಟಕಿ ಹಾಕ್ಸಿ ಹೆಡ್‌ಮಾಸ್ಟ್ರೇ, ಮಕ್ಕಳು ಹೊಲ ನೋಡ್ಕೊಂಡು ಬರೀತಿದಾವೆ.”

ಕಿಟಕಿ ಹಾಕಿದರು. ರಬ್ಬರು ಹಂಚಿದರು. ಸ್ವಲ್ಪ ಹೊತ್ತಿಗೆ ಹನಗೋಡು ಸೀಮೆಯ ಅವ್ವಂದಿರೆಲ್ಲ ಕಡ್ಡಿಗೆ ಗುಲಾಬಿ ಕಟ್ಟುತ್ತಿದ್ದರು. ಕಪ್ಪು ಕೈಯನ್ನು ಬೆಳ್ಳಗೆ ಮಾಡುವುದು ಮಾತ್ರ ಯಾವ ರಬ್ಬರಿಗೂ ಆಗಲಿಲ್ಲ, ಹಾಳೆಗಳೇ ತೂತಾದವು.

ವಿರೂಪಾಕ್ಷ ಸರ್ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಫೇಲ್ ಮಾಡಿ ಹೋಗುತ್ತಿದ್ದರು. ‘ವಿಷಯದ ಆಯ್ಕೆ ಸರಿಯಿಲ್ಲ’ ಎಂದು ಬರೆದು, ಮುಂದಿನ ವಾರ ಮತ್ತೊಂದು ಪಾಠ ಮಾಡಲು ಅವಕಾಶ ಕೊಟ್ಟರು. ವಿಷಯವನ್ನೂ ಅವರೇ ಕೊಟ್ಟರು: ಸೂರ್ಯೋದಯ.

ಮನೆಯಲ್ಲಿ ಪುಟ್ಟಮಲ್ಲಮ್ಮ ಎಲ್ಲ ಕೇಳಿ, ಎಲೆಗೆ ನೂಲು ಸುತ್ತುತ್ತಲೇ ಅಂದಳು, “ನನ್ ಕೈ ಬರ್ಸಾಕೋಗಿ ಪರೀಕ್ಷೆ ಕಳ್ಕೊಂಡ್ಯಲ್ಲೇ. ನಾನೇನ್ ಕೇಳಿದ್ನಾ? ಅವ್ರೇನಂತಾರೋ ಅದ್ನ ಬರ್ಸಿ ಸರ್ಟಿಫಿಕೇಟ್ ಇಸ್ಕೊಂಡು ಬಾ.”

ಹೇಮಶ್ರೀ ಹಾಗೇ ಮಾಡಿದಳು. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಸೂರ್ಯನಿಂದ ಹೊರಟ ಸ್ಕೇಲಿನ ಗೆರೆಗಳು, ಮೂರು ಹಕ್ಕಿ. ಆವತ್ತು ತರಗತಿ ಅರ್ಧ ಖಾಲಿ. ಬಂದಿದ್ದ ಶರತ್ ಕೈಯೆತ್ತಿದ.

“ಮಿಸ್, ಈ ಬೆಟ್ಟ ಎಲ್ಲೈತೆ?”

ಹೇಮಶ್ರೀ ಹಿಂದಿನ ಬೆಂಚಿನಲ್ಲಿ ಕೂತ ವಿರೂಪಾಕ್ಷ ಸರ್ ಕಡೆ ನೋಡಿದಳು. ಆಮೇಲೆ ಹುಡುಗನ ಕಡೆ.

“ಸುಮ್ನೆ ಬರಿ ಕಣೋ.”

ಶರತ್ ಸುಮ್ಮನೆ ಬರೆದ. ಎಲ್ಲರೂ ಬರೆದರು. ಎಲ್ಲರ ಬೆಟ್ಟವೂ ಒಂದೇ ಅಳತೆ. ‘ಸ್ಥಳೀಯ ಪ್ರಕೃತಿಯ ಉತ್ತಮ ಪರಿಚಯ’ ಎಂದು ಸರ್ ಷರಾ ಬರೆದರು. ಹೇಮಶ್ರೀ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮಕ್ಕಳು ಕಣ್ಣೆದುರಿನದನ್ನು ನೋಡದಂತೆ ಮಾಡಬಲ್ಲಳು ಎಂಬುದಕ್ಕೆ ಈಗ ಅವಳ ಕೈಯಲ್ಲಿ ಮೊಹರಿನ ಕಾಗದವಿದೆ. ಪುಟ್ಟಮಲ್ಲಮ್ಮ ಅದನ್ನು ಮುಟ್ಟಲಿಲ್ಲ, ಅಂಟು ಹತ್ತೀತೆಂದು ದೂರದಿಂದಲೇ ನೋಡಿದಳು.

ಇದನ್ನು ಓದಿ ‘ಅಯ್ಯೋ ಪಾಪ’ ಅನ್ನಬೇಡಿ, ಪಾಪ ಯಾರಿಗೂ ಬೇಕಾಗಿಲ್ಲ. ನಿಮ್ಮ ಮನೆಯ ಮಗುವಿನ ಚಿತ್ರದ ಪುಸ್ತಕ ಈಗಲೇ ತೆಗೆಯಿರಿ. ಅದರಲ್ಲಿ ನಿಮ್ಮೂರು ಇಲ್ಲದಿದ್ದರೆ, ನೀವು ಮಾಡುವ ಕೆಲಸ ಇಲ್ಲದಿದ್ದರೆ, ನಾಳೆ ಬೆಳಿಗ್ಗೆ ಪುಸ್ತಕ ಹಿಡಿದು ಶಾಲೆಗೆ ಹೋಗಿ, ‘ನಮ್ಮ ಮಕ್ಕಳಿಗೆ ಕಂಡದ್ದನ್ನು ಬರೆಯಲು ಬಿಡಿ, ಹಾಗೆ ಬರೆಸಿದವರನ್ನು ಪಾಸು ಮಾಡಿ’ ಎಂದು ಬರವಣಿಗೆಯಲ್ಲಿ ಕೇಳಿ. ಹೋಗುತ್ತೀರೋ ಇಲ್ಲವೋ?