ಕಣ್ಣ ಕೆಳಗಿನ ಬೆರಳು

ತಿರ್ಲಾಪುರದ ಬಾಜುಕಿನ ಆ ಹಳ್ಳಿಯಲ್ಲಿ ಮಾಳಪ್ಪನನ್ನು ಮಾಳಪ್ಪ ಎಂದು ಕರೆಯುತ್ತಿದ್ದವಳು ಅವನ ತಾಯಿ ಒಬ್ಬಳೇ. ಹೆಂಡತಿ ಮೈಲಾರವ್ವ ಗಂಡನ ಹೆಸರು ಹೇಳುವಂತಿರಲಿಲ್ಲ. ತಾಯಿ ಸತ್ತ ಮೇಲೆ ಆ ಹೆಸರನ್ನು ಬಾಯಿಗೆ ತರುವವರೇ ಇಲ್ಲದಂತಾಗಿ, ಊರಿಗೆಲ್ಲ ಅವನು ಮೂಗ ಮಾಳ್ಯಾ ಆಗಿ ಉಳಿದ.

ಅವನೇನು ಹುಟ್ಟಾ ಮೂಗನಲ್ಲ. ಹರೆಯದಲ್ಲಿ ಕುರಿಹಿಂಡಿನ ಹಿಂದೆ ನಿಂತು ಕೂಗು ಹಾಕಿದರೆ ಹಳ್ಳದ ಆಚೆಯವರು ತಿರುಗಿ ನೋಡಬೇಕು, ಅಂಥ ಗಂಟಲು. ಬ್ರಿಟಿಷರ ಸರಕಾರ ಅವನನ್ನು ಬೆಳಗಾವಿಯಲ್ಲಿ ಪಲ್ಟನ್ನಿಗೆ ಸೇರಿಸಿಕೊಂಡಿತು, ಹೇಸರಗತ್ತೆ ಹೊಡೆಯುವ ಕೆಲಸ ಕೊಟ್ಟಿತು, ಹಡಗು ಹತ್ತಿಸಿ ಇಟಲಿಗೆ ಒಯ್ದಿತು. ನಾಲ್ವತ್ನಾಲ್ಕರ ಚಳಿಗಾಲದಲ್ಲಿ, ಹೆಸರೂ ಗೊತ್ತಿಲ್ಲದ ಒಂದು ಗುಡ್ಡದ ಮೇಲೆ, ತೋಪಿನ ಗುಂಡಿನ ಚೂರೊಂದು ಅವನ ಗಂಟಲು ಹೊಕ್ಕಿತು. ಜೀವ ಉಳಿಯಿತು, ದನಿ ಹೋಯಿತು. ಯಾರ ಯುದ್ಧಕ್ಕೆ ಯಾರ ಗಂಟಲು ಹೋಯಿತು ಎಂದು ಕೇಳುವ ಪುರುಸೊತ್ತು ಆಗ ಯಾರಿಗೂ ಇರಲಿಲ್ಲ, ಈಗಲೂ ಇಲ್ಲ.

ಗಾಯ ಮಾಯುವ ತನಕ ಅವನನ್ನು ಅಲ್ಲಿನ ಹಳ್ಳಿಯೊಂದರ ಸಾಲಿಯಲ್ಲಿ ಮಲಗಿಸಿದ್ದರು. ಗಾಯಾಳುಗಳ ಪಟ್ಟಿ ಒಗೆಯಲು ಒಬ್ಬ ಮುದುಕಿ ಬರುತ್ತಿದ್ದಳು. ಅವಳ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ, ಬಾಯಿಗಿಂತ ಹೆಚ್ಚು ಕೈ. ಐದೂ ಬೆರಳಿನ ತುದಿ ಮೇಲಕ್ಕೆ ಕೂಡಿಸಿ ಅಲ್ಲಾಡಿಸಿದಳೆಂದರೆ, ಯಾಕೆ, ಏನು ನಿನ್ನ ಮಾತಿನ ಅರ್ಥ ಎಂದು. ಬೆರಳುಗಳ ಹಿಂಬದಿಯಿಂದ ಗದ್ದವನ್ನು ಕೆಳಗಿನಿಂದ ಮುಂದಕ್ಕೆ ಸವರಿ ಚಿಮ್ಮಿದಳೆಂದರೆ, ಇಲ್ಲ, ಸುಳ್ಳು, ನಡೆಯದು. ಗಲ್ಲಕ್ಕೆ ತೋರುಬೆರಳು ಒತ್ತಿ ತಿರುವಿದರೆ ಅಡಿಗೆ ರುಚಿಯಾಗಿದೆ. ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ತೋರಿಸಿದರೆ, ಇವನು ಚಾಲಾಕ ಇದ್ದಾನೆ, ಹುಷಾರು. ಅವಳೊಬ್ಬಳೇ ಅಲ್ಲ, ಹಾಲಿನವನು, ಪಾದ್ರಿ, ಬೀದಿಯ ಹುಡುಗರು, ಎಲ್ಲರದೂ ಇದೇ ರೂಢಿ. ಆ ಊರಲ್ಲಿ ಮಾತು ಬರುವವರೂ ಕೈಯಿಂದ ಮಾತಾಡುತ್ತಿದ್ದರು. ಹೀಗಾಗಿ ಐದು ತಿಂಗಳು ಮಾಳಪ್ಪ ಮೂಗನಾಗಿರಲಿಲ್ಲ.

ಮೂಗನಾದದ್ದು ತನ್ನ ಊರಿಗೆ ಬಂದ ಮೇಲೆ.

ನಮ್ಮಲ್ಲಿ ಕೈಗೆ ಬರಗಾಲವೇನಿಲ್ಲ. ಕೂಲಿಯವನನ್ನು ಕರೆಯಲು ಒಂದು ಬೆರಳು, ದೂರ ಸರಿ ಎನ್ನಲು ಅಂಗೈ, ಹೊರಗೆ ನಿಲ್ಲು ಎನ್ನಲು ಗದ್ದದ ಒಂದು ಕುಣಿತ ಸಾಕು. ಆದರೆ ನಮ್ಮ ಸನ್ನೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕೆಳಗಿನಿಂದ ಒಂದು ಕೈ ಮೇಲೆದ್ದು ಏನಾದರೂ ಕೇಳಿದರೆ ಅದನ್ನು ಓದುವ ಅಭ್ಯಾಸ ನಮ್ಮ ಕಣ್ಣಿಗಿಲ್ಲ. ಮಾಳಪ್ಪ ಐದು ಬೆರಳು ಕೂಡಿಸಿ ಯಾಕೆ ಎಂದು ಕೇಳಿದರೆ ಊರವರು ತುತ್ತಿನ ಸನ್ನೆ ಎಂದುಕೊಂಡು ಒಂದು ರೊಟ್ಟಿ ತಂದು ಅವನ ಕೈಗಿಡುತ್ತಿದ್ದರು. ಯಾಕೆ ಎಂದವನಿಗೆ ರೊಟ್ಟಿ ಕೊಟ್ಟು ಸಾಗಹಾಕುವುದನ್ನು ನಾವು ಧರ್ಮ ಅಂತ ತಿಳಿದುಕೊಂಡಿದ್ದೇವೆ. ಮೊದಮೊದಲು ಅವನು ಆ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಬರುತ್ತಿದ್ದ. ಆಮೇಲೆ ಕೇಳುವುದನ್ನೇ ಬಿಟ್ಟ.

ಅವನ ಕೈ ಓದಲು ಕಲಿತವರು ಇಡೀ ಊರಲ್ಲಿ ಇಬ್ಬರೇ. ಒಬ್ಬಳು ಮೈಲಾರವ್ವ. ಇನ್ನೊಬ್ಬ ಈರಬಸಪ್ಪ ಸಾವ್ಕಾರ.

ಐವತ್ತನೆಯ ಇಸವಿಯಲ್ಲಿ ಈರಬಸಪ್ಪ ತನ್ನ ಆರೆಕರೆ ಎರೆಹೊಲವನ್ನು ಮಾಳಪ್ಪನಿಗೆ ಪಾಲಿಗೆ ಕೊಟ್ಟ. ಕಾಗದ ಇಲ್ಲ, ಪತ್ರ ಇಲ್ಲ. ಮೂಗನಿಗೆ ಕೊಟ್ಟರೆ ನಾಳೆ ತಕರಾರು ಮಾಡುವ ಬಾಯಿಯೇ ಇರುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ನಗಾಡಿದ್ದನ್ನು ಕೇಳಿದವರಿದ್ದಾರೆ. ಬಿತ್ತುವಾಗ, ಹರಗುವಾಗ, ಕೊಯ್ಯುವಾಗ ಸಾವ್ಕಾರ ಬನ್ನಿಗಿಡದ ನೆರಳಿಗೆ ಬಂದು ಕೂಡುವುದು, ಮಾಳಪ್ಪ ಹೊಲದ ನಡುವಿನಿಂದ ಕೈಯೆತ್ತಿ ಹೇಳುವುದು, ಸಾವ್ಕಾರ ಅದೇ ಸನ್ನೆಯಲ್ಲಿ ಉತ್ತರ ಕೊಡುವುದು ನಡೆಯಿತು. ಹಸಿ ಎಷ್ಟು ಆಳಕ್ಕಿದೆ, ಎಡಗಡೆಯ ಎತ್ತಿನ ಕಾಲಿಗೆ ಏನಾಗಿದೆ, ಕಡಲೆಗೆ ಹುಳ ಬಿದ್ದಿದೆಯೋ ಇಲ್ಲವೋ, ಎಲ್ಲ ಕೈಯಲ್ಲೇ. ಹತ್ತು ವರ್ಷದಲ್ಲಿ ಇಟಲಿಯ ಆ ಮುದುಕಿಯ ಸನ್ನೆ ಸಾವ್ಕಾರನ ಬೆರಳಿಗೂ ಬಂದು ಕೂತಿತ್ತು.

ಕಣ್ಣಿನ ಸನ್ನೆ ಅವನಿಗೆ ಬೇಗ ತಿಳಿಯಿತು. ಹತ್ತಿ ಕೊಳ್ಳಲು ಅಣ್ಣಿಗೇರಿಯ ದಲಾಲಿ ಬಂದಾಗೊಮ್ಮೆ ಮಾಳಪ್ಪ ರೆಪ್ಪೆ ಜಗ್ಗಿ ತೋರಿಸಿದ. ಸಾವ್ಕಾರ ಅರ್ಥ ಹಿಡಿದು ಬಿದ್ದು ಬಿದ್ದು ನಕ್ಕ. ಎರಡು ಸುಗ್ಗಿ ಕಳೆದ ಮೇಲೆ ಕಣದಲ್ಲಿ ಜೋಳದ ರಾಶಿ ಪಾಲಾಗುವಾಗ ಮಾಳಪ್ಪ ಹೆಂಡತಿಯ ಕಡೆ ತಿರುಗಿ ಮತ್ತೆ ರೆಪ್ಪೆ ಜಗ್ಗಿದ, ಹೆಬ್ಬೆರಳು ಸಾವ್ಕಾರನ ಕಡೆ ಇತ್ತು. ಆ ಸಲ ಈರಬಸಪ್ಪ ನಗಲಿಲ್ಲ. ಕೈಯಲ್ಲಿದ್ದ ಬಡಿಗೆ ಎಸೆದ. ಅದು ಮಾಳಪ್ಪನ ಮೊಣಕಾಲಿಗೆ ಬಿತ್ತು. ಅಂದಿನಿಂದ ಆ ಸನ್ನೆಯ ಅರ್ಥ ಸಾವ್ಕಾರನ ಮಟ್ಟಿಗೆ ಚಾಲಾಕ ಅಲ್ಲ, ಕಳ್ಳ.

ಎಪ್ಪತ್ನಾಲ್ಕರಲ್ಲಿ ಉಳುವವನೇ ಹೊಲದ ಒಡೆಯ ಎಂಬ ಕಾಯಿದೆ ಬಂತು. ಮೈಲಾರವ್ವ ಸಾಲಿ ಮಾಸ್ತರರ ಕೈಯಿಂದ ಅರ್ಜಿ ಬರೆಸಿದಳು, ಮಾಳಪ್ಪ ಹೆಬ್ಬೆಟ್ಟು ಒತ್ತಿದ. ವಾರದೊಳಗೆ ಈರಬಸಪ್ಪ ಅವರ ಹೊಸ್ತಿಲ ಮುಂದೆ ಬಂದು ನಿಂತು, ಅರ್ಜಿ ಹಿಂದಕ್ಕೆ ತಗೊಳ್ಳದಿದ್ದರೆ ಊರಲ್ಲಿ ನೀರಿಗೂ ಗತಿ ಇರುವುದಿಲ್ಲ ಎಂದ. ಬಹಳ ವರ್ಷಗಳ ಮೇಲೆ ಮಾಳಪ್ಪ ಐದು ಬೆರಳು ಕೂಡಿಸಿ ಎತ್ತಿದ. ಯಾಕೆ?

ಆ ಬೆರಳಿನ ಅರ್ಥ ಕಾಲು ಶತಮಾನದಿಂದ ಬಲ್ಲ ಮನುಷ್ಯ ಓಣಿಯವರೆಲ್ಲ ನೋಡುತ್ತಿರುವಾಗ, ಅವರ ನಡುವೆ ನಿಂತಿದ್ದ ಮಾಸ್ತರರ ಕಡೆ ತಿರುಗಿ ಹೇಳಿದ: "ನೋಡ್ರಿ, ಊಟಕ್ಕ ಕೇಳಾಕತ್ತಾನ. ಹೊಟ್ಟಿಗಿಲ್ಲದವಗ ಅರ್ಜಿ ಬರಕೊಟ್ರ ಹೊಲಾ ಸಿಗತೈತೇನ್ರಿ ಮಾಸ್ತರ?"

ಓಣಿ ನಕ್ಕಿತು. ಮಾಳಪ್ಪ ಒಳಗೆ ಹೋಗಿ ಎತ್ತು ಮೇಯುವ ಗ್ವಾದಲಿಯ ಪಕ್ಕ ಕೂತ. ಬಡಿಗೆ ಬಿದ್ದ ಮೊಣಕಾಲಿಗಿಂತ ಈ ಮಾತು ಹೆಚ್ಚು ನೋಯಿಸಿತು. ತನ್ನ ಮಾತು ತಿಳಿಯದವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ತಿಳಿದೂ ತಿಳಿಯದಂತೆ ನಟಿಸಿದವನನ್ನು ಅಂದಿನಿಂದ ಅವನು ಕಣ್ಣೆತ್ತಿ ನೋಡಲಿಲ್ಲ.

ನ್ಯಾಯಮಂಡಳಿಯ ಮುಂದೆ ಅವರ ಪಾಳಿ ಬಂದದ್ದು ಎಪ್ಪತ್ತಾರರ ಬೇಸಿಗೆಯಲ್ಲಿ. ಉದ್ದ ಮೇಜು, ಮೈಸೂರು ಕಡೆಯ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಅವರಲ್ಲೊಬ್ಬರು ಪೇಪರಿನಿಂದ ಮುಖ ಹೊರಗೆ ತೆಗೆಯಲೇ ಇಲ್ಲ. ವಕೀಲರನ್ನು ಅಲ್ಲಿ ಬಿಡುತ್ತಿರಲಿಲ್ಲ, ಬಡವರ ಅನುಕೂಲಕ್ಕೆಂದು. ಈರಬಸಪ್ಪ ಮೊದಲೇ ಬರೆದುಕೊಟ್ಟ ಹೇಳಿಕೆಯನ್ನು ಗುಮಾಸ್ತ ಓದಿದ. ಹೊಲ ತಾನೇ ಮಾಡಿಸುತ್ತಿದ್ದೇನೆ, ಪಹಣಿಯ ಉತಾರದಲ್ಲಿ ವರ್ಷ ವರ್ಷ ತನ್ನದೇ ಹೆಸರಿದೆ. ಈ ಮನುಷ್ಯ ಎರಡು ಸುಗ್ಗಿ ಹತ್ತಿ ಬಿಡಿಸಲು ಕೂಲಿಗೆ ಬಂದಿದ್ದ, ಅಷ್ಟು ಬಿಟ್ಟರೆ ತನಗೂ ಅವನಿಗೂ ಸಂಬಂಧವಿಲ್ಲ, ಅವನ ಹೆಸರೂ ಸರಿಯಾಗಿ ಗೊತ್ತಿಲ್ಲ.

ಅಧ್ಯಕ್ಷರು ಮಾಳಪ್ಪನನ್ನು ಕೇಳಿದರು. ಮಾಳಪ್ಪ ಕೈಯೆತ್ತಿದ. ಈತನ ಸನ್ನೆ ಬಲ್ಲವರು ಯಾರಾದರೂ ಇದ್ದೀರಾ ಎಂದು ಅವರು ಹಿಂದೆ ನಿಂತಿದ್ದ ಊರವರ ಕಡೆ ನೋಡಿದರು. ಮೈಲಾರವ್ವ ಮುಂದೆ ಬಂದಳು. ನೀನು ಹೆಂಡತಿ, ನೀನು ಹೇಳಿದ್ದನ್ನು ಬರೆದುಕೊಳ್ಳಲು ಬರುವುದಿಲ್ಲ ಎಂದು ಅವಳನ್ನು ಹಿಂದೆ ಸರಿಸಿದರು. ಮೂಕರು ಸನ್ನೆಯಿಂದಲೇ ಸಾಕ್ಷಿ ಹೇಳಬಹುದು ಎಂದು ಈ ದೇಶದ ಸಾಕ್ಷ್ಯದ ಕಾಯಿದೆಯಲ್ಲೇ ಇದೆ. ಆ ಪುಸ್ತಕವೂ ಮೇಜಿನ ಮೇಲಿತ್ತು, ಫ್ಯಾನಿನ ಗಾಳಿಗೆ ಕಾಗದ ಹಾರದಂತೆ.

ಆಗ ಈರಬಸಪ್ಪ ಎದ್ದ. "ನಾ ಹೇಳತೇನ್ರಿ ಸಾಹೇಬ್ರ. ಊರಾಗ ಹಿರೇರು ಅಂದಮ್ಯಾಲೆ ಇಂಥವ್ರದೂ ನಾವ ನೋಡಬೇಕಾಗತೈತಿ."

ಅಧ್ಯಕ್ಷರು ಒಪ್ಪಿದರು. ಕುರಿಯ ಮಾತನ್ನು ತೋಳನ ಬಾಯಿಂದ ಕೇಳಿಸಿಕೊಳ್ಳಲು ಅವರಿಗೆ ಏನೂ ಅನ್ನಿಸಲಿಲ್ಲ.

ಎಷ್ಟು ವರ್ಷದಿಂದ ಎಂಬ ಪ್ರಶ್ನೆಗೆ ಮಾಳಪ್ಪ ಐದು ಬೆರಳು ಐದು ಸಲ ಬಿಚ್ಚಿ ತೋರಿಸಿ, ಮೇಲೊಂದು ಬೆರಳು ಎತ್ತಿದ. ಆಮೇಲೆ ಎರಡೂ ಮುಷ್ಟಿ ಮುಂದೆ ಚಾಚಿ ಕೂರಿಗೆ ಹಿಡಿದಂತೆ ಒತ್ತಿ ಹೆಜ್ಜೆ ಇಟ್ಟ. ಈರಬಸಪ್ಪ ಅವನ ಕೈ ಇನ್ನೂ ಕೆಳಗಿಳಿಯುವ ಮೊದಲೇ ಹೇಳಿದ, ಇಪ್ಪತ್ತಾರು ದಿನ ಕೂಲಿಗೆ ಬಂದಿದ್ದೆ ಅಂತಾನ್ರಿ ಎಂದು. ಮಾಳಪ್ಪ ಗದ್ದದ ಕೆಳಗಿನಿಂದ ಬೆರಳು ಚಿಮ್ಮಿದ. ಸುಳ್ಳು. ತನಗೆ ಹೊಲ ಬ್ಯಾಡಂತ್ರಿ ಎಂದ ಈರಬಸಪ್ಪ. ಗುಮಾಸ್ತ ಬರೆಯುತ್ತಿದ್ದ. ಹಿಂದಿನಿಂದ ಮೈಲಾರವ್ವ ಏನೋ ಕೂಗಿದಳು, ಸಿಪಾಯಿ ಅವಳನ್ನು ಗದರಿಸಿದ.

ಮಾಳಪ್ಪ ಆ ಪೆನ್ನನ್ನೇ ನೋಡುತ್ತಿದ್ದ. ಅದು ಮೂರನೆಯ ಸಾಲಿಗೆ ಬಂದಿತ್ತು. ಇನ್ನೆರಡು ಸಾಲು ಹೋದರೆ ಆರೆಕರೆ ಹೋಯಿತು. ಬೇಸಿಗೆಯಲ್ಲಿ ತಾನು ಕಿತ್ತ ಕರಿಕೆ, ತಾನು ಹಾಕಿದ ಒಡ್ಡು, ಎಲ್ಲ ಹೋಯಿತು. ಆಗ, ಎರಡು ವರ್ಷದಲ್ಲಿ ಮೊದಲ ಸಲ, ಅವನ ಕಣ್ಣು ಪೆನ್ನು ಬಿಟ್ಟು ಈರಬಸಪ್ಪನ ಮೇಲೆ ಬಿತ್ತು. ಈ ಮನುಷ್ಯ ತನ್ನ ಬೆರಳುಗಳನ್ನು ಎಷ್ಟು ಸಲೀಸಾಗಿ ಓದುತ್ತಿದ್ದಾನೆ. ಹೆಸರು ಗೊತ್ತಿಲ್ಲ ಎಂದವನು ಒಂದು ಬೆರಳಿಗೂ ತಡವರಿಸುತ್ತಿಲ್ಲ.

ಮಾಳಪ್ಪ ಒಂದು ಹೆಜ್ಜೆ ಮುಂದಿಟ್ಟ. ಬಲಗಣ್ಣಿನ ಕೆಳಗೆ ತೋರುಬೆರಳು ಇಟ್ಟು ರೆಪ್ಪೆಯನ್ನು ಮೆಲ್ಲಗೆ, ಕೆಂಪು ಕಾಣುವಷ್ಟು ಕೆಳಗೆ ಜಗ್ಗಿದ. ಹೆಬ್ಬೆರಳನ್ನು ಸಾವ್ಕಾರನ ಕಡೆ ತಿರುಗಿಸಿದ.

"ಯಾರಿಗಲೇ ಕಳ್ಳ ಅಂತಿ ಮಗನ?" ಈರಬಸಪ್ಪ ಮುಂದೆ ನುಗ್ಗಿದ್ದ, ಕೈ ಬಡಿಗೆ ಹುಡುಕುತ್ತಿತ್ತು. "ನನ್ನ ಹೊಲದ ಜ್ವಾಳಾ ತಿಂದು ನನಗ ಕಳ್ಳ ಅಂತಿ?"

ಪೇಪರಿನ ಸದಸ್ಯರು ಪೇಪರು ಇಳಿಸಿದರು.

"ಕಳ್ಳ ಅಂತ ಯಾರೀ ಅಂದ್ರು?" ಎಂದರು ಅಧ್ಯಕ್ಷರು. "ಅವನ ಕಣ್ಣಿಗೆ ಕಸ ಬಿತ್ತು ಅಂದ್ಕೊಂಡೆ ನಾನು."

ಮೈಲಾರವ್ವ ಸಿಪಾಯಿಯ ಕೈ ಕೊಡವಿ ಮುಂದೆ ಬಂದಿದ್ದಳು. ಅವಳ ದನಿ ಏರಲಿಲ್ಲ. "ಸಾಹೇಬ್ರ, ಕಣ್ಣಿಗೆ ಬೆರಳಿಟ್ರ ಕಳ್ಳ ಅಂತ ನಮ್ಮೂರಾಗ ಯಾರಿಗೂ ಗೊತ್ತಿಲ್ರಿ. ಹಿಂದ ನಿಂತಾರಲ್ಲ, ಕೇಳ್ರಿ. ನನಗ ಗೊತ್ತೈತಿ, ನಾ ಹೇಣ್ತಿ. ಎರಡು ಸುಗ್ಗಿ ಹತ್ತಿ ಬಿಡಿಸಿ ಹೋದವನ ಮಾತು ಸಾವ್ಕಾರ್ರಿಗೆ ಹೆಂಗ ತಿಳೀತು, ಅದೊಂದು ಕೇಳ್ರಿ."

ಅಧ್ಯಕ್ಷರು ಹಿಂದೆ ನಿಂತವರತ್ತ ನೋಡಿದರು. ಊರವರು ನೆಲ ನೋಡಿದರು. ಸಾವ್ಕಾರನ ಮುಂದೆ ಬಾಯಿ ಬಿಚ್ಚುವ ಗಂಡಸು ಒಬ್ಬನೂ ಇರಲಿಲ್ಲ. ಆದರೆ ಒಬ್ಬನಾದರೂ ಹೌದು, ಆ ಸನ್ನೆ ನಮಗೂ ಗೊತ್ತು ಎಂದಿದ್ದರೆ ಈರಬಸಪ್ಪ ಬದುಕುತ್ತಿದ್ದ. ಮೂವತ್ತು ವರ್ಷ ಒಬ್ಬ ಮನುಷ್ಯನ ಕೈ ಓದದ ಊರು, ತನ್ನ ಆ ದಡ್ಡತನದಿಂದಲೇ ಅವತ್ತು ಮಾಳಪ್ಪನನ್ನು ಉಳಿಸಿತು. ಇದಕ್ಕೆ ಊರು ಹೆಮ್ಮೆ ಪಡಬೇಕಾಗಿಲ್ಲ. ಈರಬಸಪ್ಪ ಕೂತ. ಅಧ್ಯಕ್ಷರು ಮೂರು ಸಲ ಕೇಳಿದರು, ಮೂರು ಸಲವೂ ಅವನು ಅಂಗವಸ್ತ್ರದಿಂದ ಮುಖ ಒರೆಸಿಕೊಂಡ.

ತೀರ್ಪು ಮೂರಕ್ಕೆ ಎರಡರಂತೆ ಬಂತು. ಹೊಲ ಮಾಳಪ್ಪನದಾಯಿತು. ಇಲ್ಲಿಗೆ ನಿಲ್ಲಿಸಿ ನ್ಯಾಯ ಗೆದ್ದಿತು ಎನ್ನುವವರಿದ್ದಾರೆ. ಅವರು ತೀರ್ಪಿನ ನಕಲು ಓದಿಲ್ಲ. ಮಾಸ್ತರರು ಅದನ್ನು ಮಾಳಪ್ಪನ ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. ಭೂಮಾಲೀಕರ ಬಾಯಿಮಾತಿನ ಹೇಳಿಕೆಯಿಂದ ಅರ್ಜಿದಾರನ ಸಾಗುವಳಿ ಸಾಬೀತಾಗಿದೆ. ಅರ್ಜಿದಾರನು ಮೂಕನಾದ್ದರಿಂದ ಅವನ ಹೇಳಿಕೆ ಇಲ್ಲ.

ಇಲ್ಲ ಎಂದರೆ ಇಲ್ಲ. ಐದು ಸಲ ಬಿಚ್ಚಿದ ಬೆರಳು ಇಲ್ಲ, ಕೂರಿಗೆ ಹಿಡಿದ ಮುಷ್ಟಿ ಇಲ್ಲ, ಸುಳ್ಳು ಎಂದ ಗದ್ದ ಇಲ್ಲ. ಅವನ ಹೊಲ ಅವನಿಗೆ ಬಂದದ್ದೂ ಸಾವ್ಕಾರನ ಬಾಯಿಂದಲೇ ಎಂದು ಸರಕಾರದ ಮುದ್ರೆ ಹೇಳಿತು.

ಮಾಳಪ್ಪ ಮರುದಿನ ನಕಲು ಹಿಡಿದು ಕಚೇರಿಗೆ ಹೋದ. ಗುಮಾಸ್ತನ ಮುಂದೆ, ಮಾಸ್ತರರು ತೋರಿಸಿಕೊಟ್ಟಿದ್ದ ಆ ಸಾಲಿನ ಮೇಲೆ ಬೆರಳಿಟ್ಟು, ಐದು ಬೆರಳು ಕೂಡಿಸಿ ಕೇಳಿದ. ಯಾಕೆ?

"ಇನ್ನಾ ಊಟಾ ಆಗಿಲ್ಲೇನಜ್ಜಾ?" ಎಂದ ಗುಮಾಸ್ತ, ಪಾಪ, ಮರುಕದಿಂದಲೇ. "ಅಲ್ಲೇ ಎದುರಿಗೆ ಖಾನಾವಳಿ ಐತಿ ನೋಡು."

ಆ ವರ್ಷ ಹಿಂಗಾರಿಗೆ ಮಳೆ ಹದವಾಗಿ ಬಿತ್ತು. ಮಾಳಪ್ಪ ಜೋಳ ಬಿತ್ತಲು ಕೂರಿಗೆ ಹೂಡಿದ, ಹಿಂದೆ ಬಟ್ಟಲಿಗೆ ಕಾಳು ಬಿಡುತ್ತ ಮೈಲಾರವ್ವ. ನಡುಹೊತ್ತಿಗೆ ಬನ್ನಿಗಿಡದ ಕೆಳಗೆ ಈರಬಸಪ್ಪ ಬಂದು ನಿಂತಿದ್ದ. ಹೊಲ ಹೋಗಿತ್ತು, ಬಂದು ನಿಲ್ಲುವ ರೂಢಿ ಹೋಗಿರಲಿಲ್ಲ. ಅವನು ಅಲ್ಲಿಂದಲೇ ಕೈಯೆತ್ತಿ ಹಸಿ ಎಷ್ಟು ಆಳಕ್ಕಿದೆ ಎಂದು ಕೇಳಿದ, ಹಿಂದೆಲ್ಲ ಕೇಳುತ್ತಿದ್ದಂತೆಯೇ. ಉತ್ತರ ಬಾರದ್ದಕ್ಕೆ ಐದು ಬೆರಳು ಕೂಡಿಸಿ ಅಲ್ಲಾಡಿಸಿದ. ಈಗ ಯಾಕೆ ಎಂದು ಕೇಳುವ ಸರದಿ ಅವನದು.

ಮೈಲಾರವ್ವ ನೋಡಿ ಗಂಡನಿಗೆ ಹೇಳಿದಳು. ಮಾಳಪ್ಪ ತಲೆಯೆತ್ತಲಿಲ್ಲ. ಸಾಲು ಸೊಟ್ಟಾದರೆ ಹರಗಲು ತ್ರಾಸು, ಅವನ ಎರಡೂ ಕೈ ಕೂರಿಗೆಯ ಮೇಲಿದ್ದವು.