ಕೇಳಿದವರ ಮಾತಿನಲ್ಲೇ ಉತ್ತರ

"ಕನ್ನಡ ತೆಲುಗು ಎರಡೂ ಒಂದೇ ಕಣಮ್ಮ" ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದೇ ಆಗಿದ್ದರೆ ಹಿಂದೂಪುರದ ಶಾಲೆಯಲ್ಲಿ ನಾನು ಯಾಕೆ ಅಳುತ್ತ ಕೂತಿರುತ್ತಿದ್ದೆ? ಮನೆಯಲ್ಲಿ ಕನ್ನಡ, ಬೆಲ್ಲದ ಮಂಡಿಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ ಕಲಸಿದ್ದು. ಬಾಯಿಗೆ ಏನೂ ತೊಂದರೆ ಇರಲಿಲ್ಲ. ತೊಂದರೆಯೆಲ್ಲ ಪುಸ್ತಕ ಬಿಚ್ಚಿದಾಗ. ತೆಲುಗು ಪಾಠದಲ್ಲಿ 'ಗಾಲಿ' ಎಂದು ಬಂದರೆ ನನ್ನ ಕಣ್ಣಮುಂದೆ ಗಾಡಿಯ ಚಕ್ರ ನಿಲ್ಲುತ್ತಿತ್ತು. ಪಾಠದಲ್ಲಿ ಬೀಸುತ್ತಿದ್ದದ್ದು ಬರೀ ಗಾಳಿ. ಮಂಡಿಯಲ್ಲಿ ಯಾರಾದರೂ ಆ ಮಾತು ಅಂದರೆ ಥಟ್ಟನೆ ತಿಳಿಯುತ್ತಿತ್ತು. ಅಕ್ಷರ ಕೂಡಿಸಿ ಓದುವಾಗ ಮಾತ್ರ ಮನೆಯ ಅರ್ಥವೇ ಮುಂದೆ ಓಡಿಬರುತ್ತಿತ್ತು. ಮೇಷ್ಟ್ರು ಅದಕ್ಕೆ ಬೆತ್ತ ಹಿಡಿದು ಉತ್ತರ ಕೊಡುತ್ತಿದ್ದರು.

ದೊಡ್ಡವಳಾಗಿ ನಾನೇ ಮೇಷ್ಟ್ರಮ್ಮ ಆದೆ. ಕಲ್ಯಾಣದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದು ಕನ್ನಡ ತರಗತಿ ಇತ್ತು, ಅದಕ್ಕೆ ಹಾಕಿದರು. ಆಂಧ್ರ ರಾಜ್ಯ ಇನ್ನೂ ಆಗಿರಲಿಲ್ಲ, ನಮಗೆಲ್ಲ ಮದ್ರಾಸೇ ದೊರೆ. ಕನ್ನಡ ಮನೆಮಾತಿನ ಮಕ್ಕಳು ಇರುವವರೆಗೆ ಆ ತರಗತಿ, ಇಲ್ಲವಾದರೆ ತೆಲುಗು ತರಗತಿಗೆ ಸೇರಿಸಿಬಿಡುವುದು ಎಂಬ ಮಾತು ನಾನು ಹೋದಾಗಲೇ ಇತ್ತು. ಸೇರಿಸಿದರೆ ಅರ್ಧಕ್ಕರ್ಧ ಹುಡುಗಿಯರು ಶಾಲೆ ಬಿಡುತ್ತಾರೆಂದು ನನಗೆ ಗೊತ್ತಿತ್ತು. ಅವರಲ್ಲೆಲ್ಲ ಚುರುಕಾದವಳು ಒಬ್ಬ ಕಡಲೆಕಾಯಿ ವ್ಯಾಪಾರಿಯ ಮಗಳು. ಅವರು ಕುಂದುರ್ಪಿ ಕಡೆಯಿಂದ ಬಂದು ನೆಲೆ ನಿಂತವರು, ಅಪ್ಪನ ಹಣೆ ತುಂಬ ವಿಭೂತಿ. ಆತ ನನಗೆ ಮೊದಲ ದಿನವೇ ಹೇಳಿಬಿಟ್ಟಿದ್ದ: "ತೆಲುಗು ಆಡಾಕೆ ಬತ್ತದೆ, ಅದನ್ನ ಓದ್ಸಾಕೆ ನಾನು ಕಳಿಸಾಕಿಲ್ಲ ಕಣಮ್ಮ. ಮನೇಲಿ ನಮ್ಮವ್ವಂಗೆ ಕಣ್ಣು ಕಾಣಾಕಿಲ್ಲ. ಅವ್ಳಿಗೆ ದಿನಾ ವಚನ ಓದಿ ಹೇಳ್ಲಿ ಅಂತ ಕಳಿಸ್ತಾ ಇವ್ನಿ."

ನಾನು ತಿಂದ ಬೆತ್ತ ಈ ಮಕ್ಕಳು ತಿನ್ನುವುದು ಬೇಡವೆಂದು ತೆಲುಗನ್ನೂ ನಾನೇ ಹೇಳಿಕೊಡುತ್ತಿದ್ದೆ. ಕರಿಹಲಗೆಯ ಎಡಕ್ಕೆ ನೆಂಟರು: ಹಾಲು, ಪಾಲು, ಹುಲಿ, ಪುಲಿ, ಹಂದಿ, ಪಂದಿ, ಹಾವು, ಪಾಮು. ನಮ್ಮ 'ಹ' ಇದ್ದಲ್ಲಿ ಅವರ 'ಪ' ಎಂದು ಒಂದು ಸಲ ಗೊತ್ತಾದರೆ ಸಾಕು, ಹುಡುಗಿಯರು ತಾವೇ ಹುಡುಕಿ ತರುತ್ತಿದ್ದರು. ಬಲಕ್ಕೆ ಕಳ್ಳನೆಂಟರು. ಆ ಹೆಸರು ಇಟ್ಟವರೂ ಅವರೇ. ನಮಗೆ 'ಕುಂಟ' ಎಂದರೆ ಕಾಲು ಊನವಾದವನು, ತೆಲುಗಿನಲ್ಲಿ ಅದು ನೀರಿನ ಹೊಂಡ. ನಮಗೆ 'ಅವಸರ' ಎಂದರೆ ಆತುರ, ಅವರಿಗೆ ಅಗತ್ಯ. ನಮ್ಮಲ್ಲಿ 'ಪೆದ್ದ' ಎಂದರೆ ದಡ್ಡ, ಅಲ್ಲಿ ಹಿರಿಯ. ಇದಕ್ಕಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಒಂದು ದಿನ ಇನ್‌ಸ್ಪೆಕ್ಟರು ಬಂದರು. ತೆಲುಗು ಕರಾವಳಿಯ ಕಡೆಯವರು, ಇಸ್ತ್ರಿ ಮುರಿಯದ ಪಂಚೆ. ಒಳಗೆ ಬಂದವರೇ ಮುಂದೆ ಕೂತಿದ್ದ ವ್ಯಾಪಾರಿಯ ಮಗಳನ್ನು ಎಬ್ಬಿಸಿ, ಬೆಳಿಗ್ಗೆ ಏನು ತಿಂದೆ ಎಂದು ತೆಲುಗಿನಲ್ಲಿ ಕೇಳಿದರು. "ಸಂಗಟಿ ಸಾರ್" ಎಂದಳು. ಮನೆಯಲ್ಲಿ ಮುದ್ದೆ ಎನ್ನುವವಳು, ಅವರೆದುರು ಸಂಗಟಿ ಎಂದಳು! ಒಬ್ಬೊಬ್ಬರನ್ನಾಗಿ ಕೇಳುತ್ತ ಹೋದರು. ಎಲ್ಲರೂ ಮುದ್ದುಮುದ್ದಾಗಿ ತೆಲುಗಿನಲ್ಲೇ ಹೇಳಿದರು. ನಮ್ಮ ಸೀಮೆಯ ಪದ್ಧತಿ ಅದು. ಯಾರು ಯಾವ ಮಾತಿನಲ್ಲಿ ಕೇಳುತ್ತಾರೋ ಆ ಮಾತಿನಲ್ಲೇ ಉತ್ತರ ಕೊಡಬೇಕು. ಬೇರೆ ಮಾತಿನಲ್ಲಿ ಕೊಟ್ಟರೆ ಮುಖಕ್ಕೆ ಹೊಡೆದ ಹಾಗೆ ಎಂದು ಮಕ್ಕಳಿಗೆ ನಡೆ ಕಲಿಸುವಾಗಲೇ ಕಲಿಸುತ್ತಾರೆ.

ಆಮೇಲೆ ಅವರ ಕಣ್ಣು ಕರಿಹಲಗೆಗೆ ಹೋಯಿತು. ಎಡಗಡೆ ಓದಿದರು, ನಕ್ಕರು. "ಎರಡೂ ಒಂದೇ ಎಂದು ನೀವೇ ಬರೆದಿದ್ದೀರಲ್ಲಮ್ಮಾ. ಇದಕ್ಕೆ ಬೇರೆ ತರಗತಿ ಯಾಕೆ?" ಎಂದು ತೆಲುಗಿನಲ್ಲಿ ಅಂದರು. ಬಲಗಡೆ ನೋಡಿ ಸಾರ್ ಎಂದೆ. ನೋಡಲಿಲ್ಲ! ಅರ್ಧ ಹಲಗೆ ಓದಿ ತೀರ್ಪು ಕೊಡುವವರ ಕೈಗೆ ಶಾಲೆ ಯಾಕಪ್ಪ ಕೊಡುತ್ತಾರೆ? ಮಕ್ಕಳು ತೆಲುಗಿನಲ್ಲಿ ಮಾತಾಡಿದ್ದು ನಿಮಗೆ ಕೊಟ್ಟ ಮರ್ಯಾದೆ, ಅವರ ಮನೆಮಾತು ಕನ್ನಡ ಎಂದು ನಾನು ದನಿ ಏರಿಸಿಯೇ ಹೇಳಿದೆ. ಹೆಡ್ಮಾಸ್ಟರು ನನ್ನ ಕಡೆ ಕಣ್ಣು ಬಿಟ್ಟರು. ಕೊನೆಗೆ ಇನ್‌ಸ್ಪೆಕ್ಟರು, ಇನ್ನೊಂದು ಸಲ ಬರುತ್ತೇನೆ, ಅವತ್ತು ಕನ್ನಡದಲ್ಲಿ ಉತ್ತರ ಬಂದರೆ ತರಗತಿ ಇರಲಿ ಎಂದು ಹೊರಟರು.

ಅಲ್ಲಿಂದ ದಿನಾ ಅದೇ ಅಭ್ಯಾಸ. ನಾನು ಇನ್‌ಸ್ಪೆಕ್ಟರ ಹಾಗೆ ತೆಲುಗಿನಲ್ಲಿ ಕೇಳುವುದು, ಅವರು ಕನ್ನಡದಲ್ಲಿ ಹೇಳುವುದು. ಅಯ್ಯೋ, ಎಷ್ಟು ಕಷ್ಟಪಟ್ಟವು ಆ ಮಕ್ಕಳು! ತಲೆ ತಗ್ಗಿಸುತ್ತಿದ್ದರು, ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. "ದೊಡ್ಡೋರ್ಗೆ ಹಂಗೆ ಹೇಳಿದ್ರೆ ಬೈತಾರೆ ಕಣಮ್ಮ" ಎಂದು ಒಬ್ಬಳು ಅತ್ತೇಬಿಟ್ಟಳು. ವ್ಯಾಪಾರಿಯ ಮಗಳೊಬ್ಬಳೇ, "ನಾನು ಹೇಳ್ತೀನಿ ಬಿಡಿ, ನಮ್ಮಜ್ಜಿಗೆ ಓದಿ ಹೇಳ್ಬೇಕಲ್ಲ" ಎಂದವಳು. ಅವಳನ್ನೇ ಮುಂದೆ ಕೂರಿಸಿದೆ.

ಎರಡನೇ ಸಲ ಇನ್‌ಸ್ಪೆಕ್ಟರು ಬಂದಾಗ ಹೆತ್ತವರನ್ನೂ ಕರೆಸಿದ್ದರು. ಅವರೆಲ್ಲ ಬಾಗಿಲ ಹತ್ತಿರ ರುಮಾಲು ಸರಿಮಾಡಿಕೊಂಡು ನಿಂತಿದ್ದರು. ಅಪ್ಪ ಏನು ಮಾಡುತ್ತಾನೆ ಎಂದು ಇನ್‌ಸ್ಪೆಕ್ಟರು ವ್ಯಾಪಾರಿಯ ಮಗಳನ್ನು ತೆಲುಗಿನಲ್ಲಿ ಕೇಳಿದರು. ಹುಡುಗಿ ಎದ್ದು ನಿಂತಳು. ಗಟ್ಟಿ ದನಿಯಲ್ಲಿ ಹೇಳಿದಳು:

"ಕಡಲೆಕಾಯಿ ವ್ಯಾಪಾರ ಮಾಡ್ತಾರೆ ಸಾರ್. ನಾನು ಅಜ್ಜೀಗೆ ವಚನ ಓದಿ ಹೇಳ್ತೀನಿ."

ಭಲೇ ಎಂದುಕೊಂಡೆ. ಇನ್‌ಸ್ಪೆಕ್ಟರು ಹುಬ್ಬೇರಿಸಿ ಏನೋ ಬರೆದುಕೊಳ್ಳಲು ಹೊರಟಿದ್ದರು. ಅಷ್ಟರಲ್ಲಿ ಬಾಗಿಲಿನಿಂದ ಅವಳ ಅಪ್ಪ ಗುಡುಗಿದ: "ಏಯ್! ಸಾಹೇಬ್ರು ತೆಲುಗಿನಾಗೆ ಕೇಳ್ತಾವ್ರೆ, ಹಿಂಗಾ ಹೇಳೋದು? ಅವರ ಮಾತ್ನಾಗೆ ಹೇಳೇ!" ಹಾಗೆಯೇ ಕೈಮುಗಿದು ಮುಂದೆ ಬಂದು, "ಚಿನ್ನ ಪಿಲ್ಲ ಸಾರ್, ಮನಸುಲೋ ಪೆಟ್ಟುಕೋಕಂಡಿ. ತೆಲುಗು ಬಾಗಾ ವಸ್ತುಂದಿ" ಎಂದ. ಚಿಕ್ಕ ಹುಡುಗಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ತೆಲುಗು ಚೆನ್ನಾಗಿ ಬರುತ್ತದೆ ಎಂದು ಸಾರಿಬಿಟ್ಟ! ಹಿಂದೆ ನಿಂತವರು ಸುಮ್ಮನಿದ್ದರೇ? ನಮ್ಮ ಹುಡುಗಿಗೂ ಬರುತ್ತದೆ, ನಮ್ಮವಳಿಗೂ ಬರುತ್ತದೆ ಎಂದು ಎಲ್ಲರೂ ತೆಲುಗಿನಲ್ಲೇ ಶುರು ಮಾಡಿದರು. ಹುಡುಗಿ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅದೇ ಉತ್ತರವನ್ನು ಅಚ್ಚ ತೆಲುಗಿನಲ್ಲಿ ಒಪ್ಪಿಸಿ ಕೂತಳು. ಇನ್‌ಸ್ಪೆಕ್ಟರು ಅಲ್ಲೇ ಮೇಜಿನ ಮೇಲೆ ಆರ್ಡರು ಬರೆದರು. ತರಗತಿ ಮುಚ್ಚಿತು, ನನ್ನನ್ನು ತೆಲುಗು ತರಗತಿಗೆ ಹಾಕಿದರು.

ಹೊರಗೆ ಬಂದು ಆ ಮನುಷ್ಯನನ್ನು ಅಡ್ಡಗಟ್ಟಿದೆ. "ಏನು ಮಾಡಿದಿರಿ ಗೊತ್ತಾ? ನಿಮ್ಮ ಬಾಯಿಂದಲೇ ನಿಮ್ಮ ಮಗಳ ಶಾಲೆಗೆ ಬೀಗ ಹಾಕಿಸಿದಿರಲ್ರೀ!" ಎಂದು ಬೀದಿಯಲ್ಲೇ ಕೂಗಾಡಿದೆ. ಆತ ಗಾಬರಿಯಾಗಿ, "ಬಂದೋರ್ಗೆ ಮರ್ಯಾದೆ ಕೊಡ್ಬೇಕಲ್ವೇನಮ್ಮ?" ಎಂದ. ಮರ್ಯಾದೆಯಂತೆ! ನಮಗೆ ಯಾರು ಕೊಟ್ಟರು ಮರ್ಯಾದೆ? ಇಷ್ಟು ವರ್ಷ ಆ ಊರಲ್ಲಿ ಕೂತು ಸಂಬಳ ಎಣಿಸಿದ ಒಬ್ಬ ಅಧಿಕಾರಿಯಾದರೂ ಒಂದು ಮಾತು ಕನ್ನಡದಲ್ಲಿ ಕೇಳಿದನೇ? ಆ ಇನ್‌ಸ್ಪೆಕ್ಟರ ಮೇಲೆ ಎಷ್ಟು ಸಿಟ್ಟಿತ್ತೋ ಅದಕ್ಕಿಂತ ಹೆಚ್ಚು ಸಿಟ್ಟು ನಮ್ಮವರ ಮೇಲೆ ಬಂತು. ಮನೆಗೆ ಹೋಗಿ ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಆತ ಮಗಳ ಕೈ ಹಿಡಿದುಕೊಂಡು ನನ್ನ ಮನೆಗೇ ಬಂದ. ನಾನು ಕೂಗಾಡಿದ್ದು ಅವನಿಗೆ ಅರ್ಥವಾದದ್ದೇ ಬೇರೆ. "ನೆನ್ನೆ ಇವ್ಳು ಸಾಹೇಬ್ರ ಮುಂದೆ ಒರಟಾಗಿ ಮಾತಾಡ್ಬುಟ್ಳು. ನಿಮ್ಗೂ ಕೆಟ್ಟೆಸ್ರು ಬಂತೋ ಏನೋ. ಇನ್ಮೇಲೆ ಶಾಲೆ ಸಾಕು, ಮನೇಲೇ ಇರ್ತಾಳೆ. ಹೋಗೋಕ್ ಮುಂಚೆ ತಪ್ಪಾಯ್ತು ಅನ್ನೇ" ಎಂದು ಅವಳನ್ನು ಮುಂದೆ ತಳ್ಳಿದ.

ಅವಳು ಕೈಮುಗಿದಳು. ನಾನು ಈಗ ತೆಲುಗು ತರಗತಿಯವಳಲ್ಲವೇ? "ತಪ್ಪಯಿಂದಮ್ಮಾ" ಎಂದಳು, ತೆಲುಗಿನಲ್ಲಿ. ಅ ಆ ತಿದ್ದಿಸಿದ ನನಗೆ!

"ಕನ್ನಡದಲ್ಲಿ ಹೇಳೇ!" ಎಂದು ಕಿರುಚಿದೆ. "ನನ್ನ ಹತ್ತಿರ ಕನ್ನಡದಲ್ಲಿ ಹೇಳು!"

ಬಾಯಿ ತೆರೆಯುವ ಮೊದಲು ಅವಳು ಅಪ್ಪನ ಮುಖ ನೋಡಿದಳು.